ನಾಳೆ ಯಾವುದು ಓಡೀತು?

ಇಂದಿನ ವೇಗದ ಕಾರುಗಳು ನಾಳೆ ಸಂಗ್ರಾಹಕರ ಸೊತ್ತಾಗುವುವೇ? ಬೆಲೆಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ನಮ್ಮ ನಾಡಿನಲ್ಲೇ ತಯಾರಾದ ಒಂದು ಬೈಕಿನ ಚರಿತ್ರೆ ನೆರವಾದೀತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿ ರೋಡ್‌ಕಿಂಗ್ ಒಂದು ತಲೆಮಾರಿನ ತರುಣರಿಗೆ ವೇಗದ ಇನ್ನೊಂದು ಹೆಸರು. ಗುಬ್ಬಿಯ ಬಿ.ಎಚ್. ರಸ್ತೆಯಲ್ಲಿ ಅದರ ಸದ್ದು ಕೇಳಿದರೆ ಅರವತ್ತು ದಾಟಿದ ನಾವೂ ಕತ್ತು ಹೊರಳಿಸುತ್ತೇವೆ! ಕಿಕ್ಕರನ್ನು ಮುಂದಕ್ಕೆ ಮಗುಚಿದರೆ ಅದೇ ಗೇರು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಕವಾಟಗಳ ಗೋಜಿಲ್ಲ. ಬಿಡಿಭಾಗ ಸಿಗದಿದ್ದರೆ ಎಷ್ಟೋ ಭಾಗಗಳನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ಕಾರ್ಖಾನೆ ಅಳಿದ ಮೇಲೂ ಬೈಕನ್ನು ಬದುಕಿಸಿದವರು ಊರೂರಿನ ಮೆಕ್ಯಾನಿಕ್ಕುಗಳು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮರಳಿ ಬಂದರೂ ಸಂಗ್ರಾಹಕರು ಅರಸುವುದು ಹಳೆಯದನ್ನೇ.

ಇಂದಿನ ವೇಗದ ಕಾರಿನಲ್ಲಾದರೋ ಇಂಧನ, ಬ್ರೇಕು, ಗೇರುಗಳನ್ನು ಆಳುವುದು ಚಿಪ್ಪುಗಳು; ಅವುಗಳೊಳಗೆ ತಯಾರಕರು ಬೀಗ ಹಾಕಿಟ್ಟ ತಂತ್ರಾಂಶ. ಅದನ್ನು ಯಾವ ಲೇತೂ ಕಡೆಯಲಾರದು. ಕಡಿಮೆ ಸಂಖ್ಯೆಯಲ್ಲಿ ತಯಾರಾದವು, ಕೈಯಿಂದ ಗೇರು ಬದಲಿಸುವಂಥವು ಉಳಿದಾವೆಂದು ನನ್ನ ಊಹೆ. ಮಿಕ್ಕವು ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಹೊಳೆಯುತ್ತ ನಿಂತಾವು, ಓಡಲಾರವು. ಆ ಬೀಗದ ಕೈ ಮೂವತ್ತು ವರ್ಷಗಳ ಅನಂತರ ಯಾರ ಬಳಿ ಇರುತ್ತದೆಂದು ಕೊಳ್ಳುವವರು ಇಂದೇ ಅಂಗಡಿಯಲ್ಲಿ ಕೇಳಬೇಕು.