ಕೊಚ್ಚಿಯ ಯಹೂದಿ ಬೀದಿ: ಹೊಸ್ತಿಲ ಒಳಗೂ ಹೊರಗೂ

(ಉಪನ್ಯಾಸವೊಂದರ ಬರಹರೂಪ)

ಕೇರಳ ಪ್ರವಾಸಕ್ಕೆ ಹೋದವರು ಕೊಚ್ಚಿಯ ಮಟ್ಟಾಂಚೇರಿಯನ್ನು ನೋಡದೆ ಹಿಂತಿರುಗುವುದು ಕಡಿಮೆ. ಅಲ್ಲಿನ ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡಿ ಹೊರಬಂದವರನ್ನು ಮಾರ್ಗದರ್ಶಿಗಳು ಸಮೀಪದ ಒಂದು ಕಿರಿದಾದ ಬೀದಿಗೆ ಕರೆದೊಯ್ಯುತ್ತಾರೆ. ಆ ಬೀದಿಯ ಹೆಸರೇ ಜ್ಯೂ ಟೌನ್. ಎರಡೂ ಬದಿಯಲ್ಲಿ ಹಳೆಯ ಮರದ ಸಾಮಾನು, ಹಿತ್ತಾಳೆ ದೀಪ, ಶಾಲು ಮಾರುವ ಅಂಗಡಿಗಳು. ಗಾಳಿಯಲ್ಲಿ ಮೆಣಸು, ಶುಂಠಿಯ ಘಾಟು. ಬೀದಿಯ ಕೊನೆಯಲ್ಲಿ ಒಂದು ಗಡಿಯಾರ ಗೋಪುರ, ಅದರ ಪಕ್ಕದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್. ನಡೆದು ನೋಡಲು ಒಂದು ಗಂಟೆ ಸಾಕು. ಆದರೆ ಆ ಒಂದು ಗಂಟೆಯಲ್ಲಿ ಏನನ್ನು ನೋಡಬೇಕು, ಯಾವುದನ್ನು ನೋಡದೆ ಬಂದರೆ ಊರನ್ನೇ ನೋಡಿದಂತಾಗುವುದಿಲ್ಲ ಎಂಬುದು ಈ ಮಾತಿನ ವಿಷಯ.

ಮೊದಲಿಗೆ, ಎಲ್ಲಿಯ ಜೆರುಸಲೇಮ್, ಎಲ್ಲಿಯ ಮಲಬಾರ್? ಯಹೂದಿಗಳು ಇಲ್ಲಿಗೆ ಬಂದದ್ದಾದರೂ ಹೇಗೆ? ದೊರೆ ಸೊಲೊಮೋನನ ಕಾಲದ ಹಡಗುಗಳಲ್ಲಿ ಬಂದರು ಎಂದು ಒಂದು ಐತಿಹ್ಯ ಹೇಳುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ದಿಕ್ಕೆಟ್ಟು ಬಂದರು ಎಂದು ಇನ್ನೊಂದು ಹೇಳುತ್ತದೆ. ಇವು ನಂಬಿಕೆಯ ಮಾತುಗಳು. ಇತಿಹಾಸಕ್ಕೆ ಸಿಗುವ ಗಟ್ಟಿ ಕಾರಣ ಮಾತ್ರ ಒಂದೇ, ಕರಿಮೆಣಸು. ಮಳೆಗಾಲದ ಮಾರುತಗಳನ್ನು ಹಿಡಿದು ಅರಬ್ಬೀ ಸಮುದ್ರ ದಾಟುವ ವಿದ್ಯೆ ತಿಳಿದ ದಿನದಿಂದ ಕೆಂಪು ಸಮುದ್ರಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ನಂಟು ಬೆಳೆಯಿತು. ಆ ದಾರಿಯಲ್ಲಿ ಗ್ರೀಕರು, ಅರಬರು, ಸಿರಿಯಾದ ಕ್ರೈಸ್ತರು ಬಂದರು, ಯಹೂದಿಗಳೂ ಬಂದರು.

ಈ ನಂಟಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಉತ್ತರ ಆಫ್ರಿಕಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಅಲ್ಲಿ ಅವನು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಮೆಣಸು, ಅಡಿಕೆಗಳನ್ನು ಏಡನ್ ಬಂದರಿಗೆ ಕಳಿಸುತ್ತಿದ್ದ. ಆಶು ಎಂಬ ಸ್ತ್ರೀಯನ್ನು 1132ರಲ್ಲಿ ಮಂಗಳೂರಿನಲ್ಲೇ ದಾಸ್ಯದಿಂದ ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಅಭಿಪ್ರಾಯ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗೊಂದರ ಕೋಣೆಯಲ್ಲಿ ಶತಮಾನಗಳ ಕಾಲ ರಾಶಿ ಬಿದ್ದಿದ್ದ ಕಾಗದಗಳ ನಡುವೆ ಉಳಿದುಬಂದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕ ಈ ವ್ಯಾಪಾರಿ ಮತ್ತು ಅವನ ಸೇವಕನ ಜಾಡನ್ನೇ ಹಿಡಿದು ಹೊರಟದ್ದು. ಬಿಡುಗಡೆ ಪಡೆದ ಆಶುವಿನ ಹೆಸರನ್ನು ನೆನಪಿನಲ್ಲಿಡಬೇಕು; ಕೊಚ್ಚಿಯ ಕಥೆಯಲ್ಲಿ ಅವಳಂಥವರು ಮತ್ತೆ ಬರುತ್ತಾರೆ.

ಮಂಗಳೂರಿಗಿಂತ ದಕ್ಷಿಣದಲ್ಲಿ, ಇಂದಿನ ಕೊಡುಂಗಲ್ಲೂರಿನಲ್ಲಿ, ಯಹೂದಿಗಳು ಆ ವೇಳೆಗಾಗಲೇ ಊರಿನವರೇ ಆಗಿದ್ದರು. ಕ್ರಿ.ಶ. 1000ದ ಸುಮಾರಿಗೆ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ಹಗಲು ದೀವಟಿಗೆ, ಪಲ್ಲಕ್ಕಿ, ಛತ್ರಿ, ನಗಾರಿ, ಕಹಳೆ ಮುಂತಾದ 72 ಮರ್ಯಾದೆಗಳು ಅವನಿಗೂ ಅವನ ಸಂತತಿಗೂ ಸಂದವು. ಸುಂಕದಿಂದ ವಿನಾಯಿತಿಯೂ ದೊರೆಯಿತು. ನಮ್ಮ ಶಾಸನಗಳ 'ಆಚಂದ್ರಾರ್ಕ'ದಂತೆ ಇಲ್ಲಿಯೂ ಲೋಕವೂ ಚಂದ್ರನೂ ಇರುವಷ್ಟು ಕಾಲ ಎಂಬ ಮಾತಿದೆ. ಲಿಪಿ ವಟ್ಟೆಳುತ್ತು. ಈ ತಾಮ್ರಪಟಗಳು ಮಟ್ಟಾಂಚೇರಿಯ ಸಿನಗಾಗಿನ ಸ್ವತ್ತಾಗಿ ಉಳಿದುಬಂದವು. 2017ರಲ್ಲಿ ಭಾರತದ ಪ್ರಧಾನಿ ಇಸ್ರೇಲಿಗೆ ಹೋದಾಗ ಅಲ್ಲಿನ ಪ್ರಧಾನಿಗೆ ಉಡುಗೊರೆಯಾಗಿ ಕೊಟ್ಟದ್ದು ಇವುಗಳ ಪ್ರತಿಕೃತಿಯನ್ನೇ.

ಪೋರ್ಚುಗೀಸರ ಆಗಮನದಿಂದ ಈ ನೆಮ್ಮದಿ ಕದಡಿತು. 16ನೇ ಶತಮಾನದಲ್ಲಿ ಅವರ ಹಾವಳಿಗೆ ಸಿಕ್ಕಿ ಕೊಡುಂಗಲ್ಲೂರಿನ ಯಹೂದಿಗಳು ಊರು ಬಿಟ್ಟರು. ಅವರಿಗೆ ಆಸರೆಯಾದವನು ಕೊಚ್ಚಿಯ ಅರಸ. ತನ್ನ ಅರಮನೆಯ ಮಗ್ಗುಲಲ್ಲೇ ಅವನು ನೆಲ ಕೊಟ್ಟ. ಅಲ್ಲಿ 1568ರಲ್ಲಿ ಎದ್ದದ್ದೇ ಪರದೇಶಿ ಸಿನಗಾಗ್. ಅರಮನೆಯ ದೇಗುಲಕ್ಕೂ ಈ ಮಂದಿರಕ್ಕೂ ನಡುವೆ ಇರುವುದು ಒಂದೇ ಗೋಡೆ. ಒಂದು ಕಡೆ ಶಂಖ ಜಾಗಟೆ, ಇನ್ನೊಂದು ಕಡೆ ಹೀಬ್ರೂ ಪ್ರಾರ್ಥನೆ. 1662ರಲ್ಲಿ ಪೋರ್ಚುಗೀಸರು ಮಂದಿರಕ್ಕೆ ಹಾನಿ ಮಾಡಿದರು. ಮರುವರ್ಷ ಡಚ್ಚರು ಕೊಚ್ಚಿಯನ್ನು ಗೆದ್ದ ಮೇಲೆ ಅದು ಮತ್ತೆ ತಲೆಯೆತ್ತಿತು.

ಡಚ್ಚರ ಕಾಲ ಯಹೂದಿ ವರ್ತಕರಿಗೆ ಸುಗ್ಗಿಯ ಕಾಲ. ಡಚ್ ಕಂಪೆನಿಯ ಪ್ರಮುಖ ವರ್ತಕನಾಗಿದ್ದ ಎಜೆಕಿಯೆಲ್ ರಹಾಬಿ 1760ರಲ್ಲಿ ಗಡಿಯಾರ ಗೋಪುರ ಕಟ್ಟಿಸಿದ. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ರೋಮನ್ ಅಂಕಿ, ಅರಮನೆಯ ಕಡೆಗಿನ ಮುಖದಲ್ಲಿ ಮಲಯಾಳಂ ಅಂಕಿ. ಪ್ರಾರ್ಥನೆಗೆ ಬರುವವನು, ಬಂದರಿನ ವ್ಯಾಪಾರಿ, ಅರಮನೆಯ ಅರಸ ಈ ಮೂವರಿಗೂ ಹೊತ್ತು ತಿಳಿಯಬೇಕಲ್ಲ! ಒಂದು ಊರಿನ ಬಾಳ್ವೆಯನ್ನು ಇಷ್ಟು ಚೊಕ್ಕವಾಗಿ ಹೇಳುವ ಕಟ್ಟಡ ಅಪರೂಪ.

ಸಿನಗಾಗಿನ ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಯೂರೋಪಿನ ಯಹೂದಿಗಳಲ್ಲಿ ಕಾಣದ ಈ ಪದ್ಧತಿ ಕೇರಳದ ಯಹೂದಿಗಳಲ್ಲಿ ರೂಢಿಯಾಯಿತು. ನೆಲದ ಮೇಲೆ 18ನೇ ಶತಮಾನದಲ್ಲಿ ಚೀನಾದಿಂದ ತರಿಸಿದ ನೀಲಿ-ಬಿಳಿ ಬಿಲ್ಲೆಗಳು; ಕೈಯಿಂದ ಚಿತ್ರ ಬರೆದದ್ದರಿಂದ ಒಂದು ಇನ್ನೊಂದರ ಪಡಿಯಚ್ಚಲ್ಲ. ಮೇಲೆ ಗಾಜಿನ ತೂಗುದೀಪಗಳು. ನಡುವೆ ಹಿತ್ತಾಳೆಯ ಕಟಾಂಜನವುಳ್ಳ ಪ್ರವಚನ ಪೀಠ. ಎದುರಿನ ಗೋಡೆಯಲ್ಲಿ ಪವಿತ್ರ ಗ್ರಂಥವಾದ ತೋರಾದ ಸುರುಳಿಗಳನ್ನಿಡುವ ಮಂಟಪ. ತಿರುವಾಂಕೂರಿನ ಮಹಾರಾಜರು 1805ರಲ್ಲಿ ಕೊಟ್ಟ ಚಿನ್ನದ ಕಿರೀಟವೊಂದು ತೋರಾದ ಅಲಂಕಾರಗಳಲ್ಲಿ ಸೇರಿದೆ. 1968ರಲ್ಲಿ ಮಂದಿರಕ್ಕೆ ನಾಲ್ಕು ನೂರು ವರ್ಷ ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿಯವರೇ ಬಂದಿದ್ದರು. ಅಂಚೆ ಚೀಟಿಯೂ ಹೊರಬಂತು.

ಸಾಮಾನ್ಯವಾಗಿ ಮಾರ್ಗದರ್ಶಿಯ ಕಥೆ ಇಲ್ಲಿಗೆ ಮುಗಿಯುತ್ತದೆ. ಜಗತ್ತಿನ ಎಷ್ಟೋ ಕಡೆ ಬೇಟೆಗೊಳಗಾದ ಜನಕ್ಕೆ ಇಲ್ಲಿನ ಅರಸರು ನೆರಳು ಕೊಟ್ಟರು ಎಂಬ ಹೆಮ್ಮೆಯ ಮಾತಿನೊಂದಿಗೆ ಪ್ರವಾಸಿಗರು ಅಂಗಡಿಗಳ ಕಡೆ ತಿರುಗುತ್ತಾರೆ. ಮಾತು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ.

ಮಿತ್ರರೇ, ಈ ಮಂದಿರದ ಹೆಸರೇ ಇನ್ನೊಂದು ಕಥೆ ಹೇಳುತ್ತದೆ. ಪರದೇಶಿ ಎಂದರೆ ಹೊರನಾಡಿನವನು. ಸ್ಪೇನ್, ಪೋರ್ಚುಗಲ್, ಪಶ್ಚಿಮ ಏಷ್ಯಾಗಳಿಂದ 16ನೇ ಶತಮಾನ ಮತ್ತು ಅನಂತರ ಬಂದ ಯಹೂದಿಗಳು ಪರದೇಶಿಗಳು. ಅವರಿಗಿಂತ ಶತಮಾನಗಳ ಮುಂಚಿನಿಂದ ಇಲ್ಲಿದ್ದವರು, ಸಂಖ್ಯೆಯಲ್ಲಿ ಹೆಚ್ಚಿನವರು, ಮಲಬಾರಿ ಯಹೂದಿಗಳು. ಪರದೇಶಿಗಳು ತಮ್ಮನ್ನು ಬಿಳಿಯರೆಂದೂ ಮಲಬಾರಿಗಳನ್ನು ಕರಿಯರೆಂದೂ ಬೇರ್ಪಡಿಸಿದರು. ಪರಸ್ಪರ ಮದುವೆ ಇಲ್ಲ. ಮೂರನೆಯ ಗುಂಪು ಇನ್ನೂ ಕೆಳಗೆ: ಪರದೇಶಿ ಮನೆಗಳಲ್ಲಿ ದಾಸ್ಯದಿಂದ ಬಿಡುಗಡೆಗೊಂಡವರು, ಅವರ ಸಂತತಿಯವರು. ಹೀಬ್ರೂವಿನಲ್ಲಿ ಅವರಿಗೆ ಮೆಶುಹ್ರಾರಿಂ ಎಂಬ ಹೆಸರು. ಬಿಡುಗಡೆಯಾದವರು ಎಂದೇ ಅದರ ಅರ್ಥ. ಆದರೆ ಸಿನಗಾಗಿನ ಬೆಂಚುಗಳ ಮೇಲೆ ಕೂರುವ ಬಿಡುಗಡೆ ಅವರಿಗಿರಲಿಲ್ಲ. ಬಾಗಿಲ ಬಳಿ, ನೆಲದ ಮೇಲೆ ಅಥವಾ ಮೆಟ್ಟಿಲ ಮೇಲೆ ಅವರ ಜಾಗ. ಒಂದೇ ದೇವರು, ಒಂದೇ ಗ್ರಂಥ. ಹೊಸ್ತಿಲು ಮಾತ್ರ ಎರಡು. ನೆರಳು ಕೊಟ್ಟ ನಾಡು ತನ್ನ ಜಾತಿಯ ರೋಗವನ್ನೂ ಅವರಿಗೆ ಅಂಟಿಸಿತು ಎನ್ನಬೇಕೆ? ಬಂದವರು ತಾವೇ ಹೊತ್ತುತಂದ ಕುಲಾಭಿಮಾನ ಇಲ್ಲಿನ ಮಣ್ಣಿನಲ್ಲಿ ಚೆನ್ನಾಗಿ ಬೇರುಬಿಟ್ಟಿತು ಎನ್ನಬೇಕೆ? ಎರಡೂ ನಿಜವಿರಬಹುದು.

ಈ ಹೊಸ್ತಿಲನ್ನು ದಾಟಿದವರು ಎ.ಬಿ. ಸೇಲಂ. 1882ರಲ್ಲಿ, ಬಿಡುಗಡೆಗೊಂಡವರ ಸಂತತಿಯಲ್ಲಿ ಹುಟ್ಟಿದ ಇವರು ಓದಿ ವಕೀಲರಾದರು. ಕೊಚ್ಚಿಯ ಶಾಸನ ಸಭೆಯ ಸದಸ್ಯರಾದರು. ಕಾರ್ಮಿಕರ ಪರ ದುಡಿದರು. ರಾಷ್ಟ್ರೀಯ ಚಳವಳಿಗೆ ಧುಮುಕಿದರು. ವೈಕಂನಲ್ಲಿ 1924-25ರಲ್ಲಿ ದೇಗುಲದ ಸುತ್ತಲಿನ ರಸ್ತೆಗಳಿಗಾಗಿ ಸತ್ಯಾಗ್ರಹ ನಡೆದ ಕಾಲಘಟ್ಟ ಅದು. ಗಾಂಧೀಜಿಯ ಅದೇ ಅಸ್ತ್ರವನ್ನು ಸೇಲಂ ತಮ್ಮ ಸಿನಗಾಗಿನೊಳಗೆ ಹೂಡಿದರು. ತಮಗೆ ನಿಷೇಧವಿದ್ದ ಕಡೆ ಶಾಂತವಾಗಿ ಕೂತರು. ನಿರ್ಬಂಧಗಳು ಒಂದೊಂದಾಗಿ ಸಡಿಲಗೊಂಡವು. ಅವರ ಮಗನೊಬ್ಬ 1950ರಲ್ಲಿ ಪರದೇಶಿ ಮನೆತನದ ಹುಡುಗಿಯನ್ನು ವರಿಸಿದಾಗ ಆ ಮದುವೆ ನಡೆದದ್ದು ಕೊಚ್ಚಿಯಲ್ಲಲ್ಲ, ಮುಂಬಯಿಯಲ್ಲಿ! ಜನ ಸೇಲಂ ಅವರನ್ನು ಯಹೂದಿ ಗಾಂಧಿ ಎಂದು ಕರೆದರು. ಇಂದು ಜ್ಯೂ ಟೌನಿನ ರಸ್ತೆಗೆ ಅವರದೇ ಹೆಸರು. ಅದರ ಮೇಲೆ ನಡೆದುಹೋಗುವ ಪ್ರವಾಸಿಗರಲ್ಲಿ ಹೆಸರಿನ ಹಿಂದಿನ ಕಥೆ ತಿಳಿದವರು ಎಷ್ಟು ಜನ?

1948ರಲ್ಲಿ ಇಸ್ರೇಲ್ ಹುಟ್ಟಿತು. ಆಗ ಕೇರಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು. 1950ರ ದಶಕದಲ್ಲಿ ಮಲಬಾರಿಗಳು ಊರಿಗೆ ಊರೇ ಎಂಬಂತೆ ಹೊರಟರು. ಯಾರೂ ಓಡಿಸಲಿಲ್ಲ, ಶತಮಾನಗಳಿಂದ ಪ್ರಾರ್ಥನೆಯಲ್ಲಿ ಹೆಸರಿಸುತ್ತ ಬಂದ ನೆಲ ಕೈಬೀಸಿ ಕರೆದಿತ್ತು, ಇಲ್ಲಿನ ಬದುಕೂ ಬಿಗಿಯಾಗಿತ್ತು. ಅವರ ಪಯಣಕ್ಕೆ ದಾರಿ ಸುಗಮ ಮಾಡಲು 1953ರಲ್ಲಿ ಇಸ್ರೇಲಿಗೆ ಹೋಗಿ ಮಾತಾಡಿ ಬಂದವರಲ್ಲಿ ಸೇಲಂ ಪ್ರಮುಖರು. ತಾವು ಮಾತ್ರ ಹೋಗಲಿಲ್ಲ. 1967ರಲ್ಲಿ ಕೊಚ್ಚಿಯ ಮಣ್ಣಿಗೇ ಸೇರಿದರು. ಹೋದವರು ನೆಗೆವ್ ಮರುಭೂಮಿಯ ನೆವಾತಿಂ ಮುಂತಾದ ಹಳ್ಳಿಗಳಲ್ಲಿ ಹೊಸ ಬಾಳು ಕಟ್ಟಿದರು.

ಅವರು ಬಿಟ್ಟುಹೋದ ಮಂದಿರಗಳ ಗತಿ? ಮಟ್ಟಾಂಚೇರಿಯಲ್ಲಿ ಪರದೇಶಿ ಸಿನಗಾಗಿಗಿಂತ ಹಳೆಯದು 1544ರ ಕಡವುಂಭಾಗಂ, ಮಲಬಾರಿಗಳದ್ದು. ಅದರ ಕೆತ್ತನೆಯ ಒಳಾಂಗಣವನ್ನು 1991ರಲ್ಲಿ ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯ ಕೊಂಡು, ಅಲ್ಲಿ ಮರಳಿ ಜೋಡಿಸಿತು. ಬರಿದಾದ ಕಟ್ಟಡ ಇಲ್ಲೇ ಉಳಿಯಿತು. 2019ರ ಮಳೆಗೆ ಅದರ ಒಂದು ಭಾಗ ಕುಸಿದುಬಿತ್ತು. ಒಡಲು ಒಂದು ದೇಶದಲ್ಲಿ, ಚಿಪ್ಪು ಇನ್ನೊಂದು ದೇಶದಲ್ಲಿ. ಪ್ರವಾಸಿಗರ ಗುಂಪುಗಳು ಅದರ ಕಡೆ ಹೋಗುವುದು ವಿರಳ. ಆದರೆ ಎಲ್ಲವೂ ಹೀಗೇ ಆಗಲಿಲ್ಲ. ಪರವೂರು ಮತ್ತು ಚೇಂದಮಂಗಲಂಗಳ ಸಿನಗಾಗುಗಳು ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯಗಳಾದವು. ಚೇಂದಮಂಗಲಂನಲ್ಲಿ 1269ರ ಹೀಬ್ರೂ ಗೋರಿಕಲ್ಲೊಂದು ನಿಂತಿದೆ. ಅದರ ಮೇಲಿರುವುದು ಅರಸನ ಹೆಸರಲ್ಲ, ವರ್ತಕನದೂ ಅಲ್ಲ. ಸಾರಾ ಎಂಬ ಒಬ್ಬ ಹೆಣ್ಣುಮಗಳದು.

ಕಲ್ಲು, ಮರಕ್ಕಿಂತ ಹಗುರವಾದದ್ದನ್ನೂ ಹೋದವರು ಜೊತೆಗೆ ಒಯ್ದರು: ಹಾಡುಗಳನ್ನು. ಕೇರಳದ ಯಹೂದಿ ಹೆಂಗಸರು ಮದುವೆ, ಹಬ್ಬಗಳಲ್ಲಿ ಮಲಯಾಳಂನಲ್ಲಿ ಹಾಡುತ್ತಿದ್ದರು. ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಮಾನವಶಾಸ್ತ್ರಜ್ಞೆ ಬಾರ್ಬರಾ ಜಾನ್ಸನ್, ಮಲಯಾಳಂ ವಿದ್ವಾಂಸ ಸ್ಕರಿಯಾ ಜಕರಿಯಾ ಮೊದಲಾದವರು ಇವನ್ನು ಸಂಗ್ರಹಿಸಿದರು. ಗಮನಿಸಬೇಕಾದ ಮಾತೆಂದರೆ, ಒಂದೇ ಬೆಂಚಿನಲ್ಲಿ ಕೂರಲು ಒಪ್ಪದ ಗುಂಪುಗಳ ನೋಟುಪುಸ್ತಕಗಳಲ್ಲಿ ಅನೇಕ ಹಾಡುಗಳು ಒಂದೇ. ಗಂಡಸರು ಕಾಯ್ದ ಗೆರೆಯನ್ನು ಹೆಂಗಸರ ಹಾಡು ದಾಟಿತ್ತು.

ಪರದೇಶಿಗಳ ಬೀದಿಯೂ ನಿಧಾನವಾಗಿ ಬರಿದಾಯಿತು. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಬೇಕೆಂಬುದು ಸಂಪ್ರದಾಯ. ಆ ಹತ್ತಕ್ಕೂ ಹೊರಗಿನ ಯಾತ್ರಿಕರನ್ನೇ ಕಾಯುವಂತಾಯಿತು. ಕಸೂತಿಯ ಅಂಗಡಿ ಇಟ್ಟುಕೊಂಡಿದ್ದ ಸಾರಾ ಕೋಹೆನ್ ಬೀದಿಯ ಎಲ್ಲರಿಗೂ ಬೇಕಾದ ಅಜ್ಜಿಯಾಗಿದ್ದರು. ಮಕ್ಕಳಿಲ್ಲದ ಅವರನ್ನು ಕೊನೆಯವರೆಗೆ ನೋಡಿಕೊಂಡದ್ದು ನೆರೆಯ ಮುಸ್ಲಿಂ ಕುಟುಂಬ. 2019ರಲ್ಲಿ, 96ರ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೂ ಆ ಅಂಗಡಿಯನ್ನೂ ಅವರ ನೆನಪನ್ನೂ ಕಾಪಾಡಿದವರು ಅವರೇ. 2024ರಲ್ಲಿ ಮಟ್ಟಾಂಚೇರಿಯ ಕೊನೆಯ ಪರದೇಶಿ ಯಹೂದಿ ಮಹಿಳೆಯೂ ಕಣ್ಮುಚ್ಚಿದರು.

ಹೀಗೆ ಜನರಿಲ್ಲದ ಜನಾಂಗದ ಬೀದಿಯಲ್ಲಿ ಮಾರ್ಗದರ್ಶಿಯ ಹೊಣೆ ದೊಡ್ಡದು. ತಿದ್ದಿ ಹೇಳಲು ಮನೆಯವರೇ ಇಲ್ಲದಿರುವಾಗ ಅವನು ಹೇಳಿದ್ದೇ ಇತಿಹಾಸವಾಗಿಬಿಡುತ್ತದೆ. ತಾಮ್ರಪಟದ ಮರ್ಯಾದೆಗಳನ್ನು ಎಣಿಸುವ ಬಾಯಿಯೇ ಬಾಗಿಲ ಮೆಟ್ಟಿಲನ್ನೂ ತೋರಿಸಬೇಕು. ಚೀನಾದ ಬಿಲ್ಲೆಗಳನ್ನು ನೋಡಿದ ಕಣ್ಣು ಕುಸಿದ ಕಡವುಂಭಾಗವನ್ನೂ ನೋಡಬೇಕು. ನೆರೆಯವನಿಗೆ ನೆಲ ಕೊಟ್ಟದ್ದು ಹಿರಿಮೆ. ನೆಲ ಪಡೆದವನು ತನ್ನವನನ್ನೇ ನೆಲದ ಮೇಲೆ ಕೂರಿಸಿದ್ದು ಪಾಠ. ಶುಕ್ರವಾರ ಮಧ್ಯಾಹ್ನದ ಮೇಲೆ ಮತ್ತು ಶನಿವಾರ ಸಿನಗಾಗಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಹೋದವರು ಒಳಗೆ ಕಾಲಿಡುವ ಮುನ್ನ ಆ ಮೆಟ್ಟಿಲ ಬಳಿ ಒಂದು ಕ್ಷಣ ನಿಂತರೆ, ಊರಿನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.