ಮತದ ದಿನದ ಕೂಲಿ
(ಗುಡೇಮಾರನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಲೋಕಸಭೆ, ವಿಧಾನಸಭೆಗಳ ಮತದಾನದ ದಿನ ಸಿಗುವ ರಜೆ ಮಾಲೀಕರು ಹಾಕುವ ಭಿಕ್ಷೆಯಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿಸಿದ 135ಬಿ ಕಲಮು ಅದನ್ನು ಹಕ್ಕಾಗಿ ಮಾಡಿದೆ. ಗಿರಣಿಯವರಿಗಾಗಲಿ, ಅಂಗಡಿಯ ಆಳಿಗಾಗಲಿ, ದಿನಗೂಲಿಯವರಿಗಾಗಲಿ, ಮತವಿದ್ದವರಿಗೆ ಅಂದು ರಜೆಯೂ ಉಂಟು, ಕೂಲಿಯೂ ಉಂಟು. ಬಿಟ್ಟುಹೋದರೆ ಅಪಾಯವೋ ಭಾರೀ ನಷ್ಟವೋ ಆಗುವ ಕೆಲಸಕ್ಕೆ ಮಾತ್ರ ವಿನಾಯಿತಿ. ವರ್ತಕ ಮಿತ್ರರೇ, ಈ ಮಾತು ನಿಮಗೂ ಸಲ್ಲುತ್ತದೆ.

ತಪ್ಪಿದ ಮಾಲೀಕನಿಗೆ ದಂಡವೆಷ್ಟು? ಹೆಚ್ಚೆಂದರೆ 500 ರೂಪಾಯಿ! ನಾಲ್ವರ ಕೂಲಿ ಮುರಿದರೆ ದಂಡ ಕಟ್ಟಿಯೂ ಲಾಭ. ಆದ್ದರಿಂದ ಈ ಕಾಯಿದೆಗೆ ನಾವೇ ಕಾವಲು. ನಮ್ಮ ಲೋಕಸಭಾ ಕ್ಷೇತ್ರ 2024ರ ಏಪ್ರಿಲ್ 26ರಂದು ಮತ ಹಾಕಿತು. ಆ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ಮುಂದಿನ ಚುನಾವಣೆಗೆ ವಾರ ಮೊದಲೇ ಒಟ್ಟಾಗಿ ಹೋಗಿ, ಸಂಬಳಸಹಿತ ರಜೆಯೆಂದು ನೋಟೀಸು ಹಾಕಿಸಿ. ಒಬ್ಬ ಕೇಳಿದರೆ ಗದರಿಕೆ. ನೂರು ಜನ ಕೇಳಿದರೆ ನ್ಯಾಯ.