ಹಾಳಾದ ಊರಿನ ಪುನರುತ್ಥಾನ: ಯೋಜನೆಯನ್ನು ತೂಗಿ ನೋಡುವ ಬಗೆ

(ಮುದಗಲ್ಲಿನಲ್ಲಿ ಸದ್ಭಕ್ತರ ಸಭೆಯ ಮುಂದೆ ಮಾಡಿದ ಉಪನ್ಯಾಸ)



ಯುದ್ಧದಿಂದಾಗಲಿ ಒಳಜಗಳದಿಂದಾಗಲಿ ಒಂದು ಊರು ಹಾಳಾಗುವದಕ್ಕೆ ಒಂದು ರಾತ್ರಿ ಸಾಕು. ಅದು ಮರಳಿ ಊರಾಗುವದಕ್ಕೆ ಎರಡು ತಲೆಮಾರುಗಳು ಸಾಲದೆ ಹೋಗುವದುಂಟು. ಹಾಳಾದ ಸುದ್ದಿಯನ್ನು ಕೇಳಿ ಕರುಣೆಯುಳ್ಳ ಜನರು ಮುಂದೆ ಬರುವರು. ಹಣ ಕೂಡುವದು. ಮನೆ ಕಟ್ಟಬೇಕು, ಬಾವಿ ತೋಡಬೇಕು, ಶಾಲೆ ತೆರೆಯಬೇಕು ಎಂಬ ಸಂಕಲ್ಪಗಳು ಆಗುವವು. ಆದರೆ ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಕೆಲವು ಕಾರ್ಯಗಳು ನಿಂತಿರುವವು, ಕೆಲವು ಬಿದ್ದಿರುವವು. ಸಂಕಲ್ಪ ಮಾಡಿದವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಹೇಳಲಾಗದು. ಕೊರತೆಯಿದ್ದದ್ದು ವಿಚಾರದಲ್ಲಿ. ಕೈಗೊಳ್ಳುವ ಮುನ್ನವೇ ಯಾವದು ನಡೆಯತಕ್ಕದ್ದು, ಯಾವದು ನಡೆಯಲಾರದು ಎಂದು ತೂಗಿ ನೋಡುವ ಬಗೆ ಯಾವದು? ಈ ಹೊತ್ತಿನ ವಿಚಾರವು ಇಷ್ಟೇ. ಕೊಡುವ ಕೈಗೆ ಕರುಣೆ ಎಷ್ಟು ಅವಶ್ಯವೋ ವಿವೇಕವೂ ಅಷ್ಟೇ ಅವಶ್ಯ. ಯಾತಕ್ಕೆಂದರೆ ನಡುವೆ ನಿಂತುಹೋದ ಉಪಕಾರವು ನೊಂದವನನ್ನು ಎರಡನೆಯ ಸಲ ನೋಯಿಸುವದು.

ಈ ಪ್ರಶ್ನೆಯನ್ನು ಕೇಳುವದಕ್ಕೆ ಮುದಗಲ್ಲಿಗಿಂತ ತಕ್ಕ ಸ್ಥಳವು ಸಿಗುವದು ಕಷ್ಟ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿನ ನೆಲಕ್ಕಾಗಿ ಇನ್ನೂರು ವರ್ಷಗಳಿಗೂ ಮಿಕ್ಕಿ ಕಾದಾಟವು ನಡೆಯಿತು. ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳು ವಿಜಯನಗರದವರ ಕೈಯಿಂದ ಬಹಮನಿಗಳ ಕೈಗೆ, ಅವರಿಂದ ಮರಳಿ ಇವರ ಕೈಗೆ, ಕೊನೆಗೆ ಬಿಜಾಪುರದ ಆದಿಲಶಾಹಿಗಳ ಕೈಗೆ ಹೋದವು. 1443ರಲ್ಲಿ ಪ್ರೌಢದೇವರಾಯನು ಮುದಗಲ್ಲನ್ನು ಹಿಡಿದನು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕಾಳಗವನ್ನು ಗೆದ್ದನು. 1565ರ ರಕ್ಕಸಗಿ ತಂಗಡಗಿಯ ಯುದ್ಧದ ತರುವಾಯ ಎಲ್ಲವೂ ತಿರುಗುಮುರುಗಾಯಿತು. ಇಂದಿಗೂ ನಿಂತಿರುವ ಕಂದಕ, ಹೊರಕೋಟೆ, ಗುಡ್ಡದ ಮೇಲಣ ಒಳಕೋಟೆಗಳನ್ನು ನೋಡುವವರು ಅರಸರ ಹೆಸರುಗಳನ್ನು ಕೇಳುವರು. ಪ್ರತಿಯೊಂದು ಮುತ್ತಿಗೆಯ ಮರುದಿನ ಬಾಗಿಲು ತೆರೆದು, ಬೂದಿಯನ್ನು ಗುಡಿಸಿ, ಒಲೆ ಹಚ್ಚಿದ ಒಕ್ಕಲಿಗನ, ನೇಕಾರನ, ಅಕ್ಕಸಾಲಿಗನ ಹೆಸರನ್ನು ಕೇಳುವವರಿಲ್ಲ. ಊರನ್ನು ಮರಳಿ ಕಟ್ಟಿದವರು ಅವರೇ.

ಮೊದಲನೆಯ ತೂಕವು ಅಭಯ. ಪ್ರಾಣಭಯವು ಹೋಗದೆ ಯಾವ ಯೋಜನೆಯೂ ಬೇರು ಬಿಡಲಾರದು. 1366ರಲ್ಲಿ ಬುಕ್ಕರಾಯನು ಮುದಗಲ್ಲಿನ ಕೋಟೆಯನ್ನು ಹಿಡಿದಾಗ ಕೋಟೆಯ ದಂಡಿನವರು ಹತರಾದರೆಂದೂ, ಅದರ ಸೇಡಿಗಾಗಿ ಬಹಮನಿ ಸುಲ್ತಾನ ಮಹಮ್ಮದ ಶಹನು ವಿಜಯನಗರದ ಸೀಮೆಯ ಮೇಲೆ ಏರಿಹೋಗಿ ದಂಡಾಳು ರೈತರೆಂಬ ಭೇದವಿಲ್ಲದೆ ಕೊಲ್ಲಿಸಿದನೆಂದೂ ಇತಿಹಾಸಕಾರ ಫೆರಿಸ್ತಾನು ಬರೆದಿರುವನು. ಕೊನೆಗೆ ರಾಯಭಾರಿಗಳ ವಿನಂತಿಯ ಮೇರೆಗೆ, ಗೆದ್ದ ಮೇಲೆ ಶರಣಾದವರನ್ನೂ ನಿರಾಯುಧರನ್ನೂ ಕೊಲ್ಲತಕ್ಕದ್ದಲ್ಲವೆಂಬ ವಚನವನ್ನು ಸುಲ್ತಾನನು ಕೊಟ್ಟನೆಂದು ಅವನೇ ಹೇಳುವನು. ಆ ವಚನವು ಮುಂದೆ ಮುರಿಯಿತು. ಆದರೂ ಅದರ ಬೆಲೆಯು ಕಡಿಮೆಯದಲ್ಲ. ಮುದಗಲ್ಲಿನಿಂದ ಹುಟ್ಟಿದ ಹಗೆಯು ಅಂಥ ವಚನವಿಲ್ಲದೆ ಆರಲಾರದೆಂಬುದನ್ನು ಕಾದಾಡಿದವರೇ ಕಂಡುಕೊಂಡರು.

ಇದೇ ಫೆರಿಸ್ತಾನು 1406ರ ಇನ್ನೊಂದು ಪ್ರಸಂಗವನ್ನು ಹೇಳುವನು. ಮುದಗಲ್ಲಿನ ಹತ್ತಿರದ ಅಕ್ಕಸಾಲಿಗನೊಬ್ಬನ ಮಗಳ ಸಲುವಾಗಿ ದೇವರಾಯನ ದಂಡು ಈ ಕಡೆಗೆ ಧಾವಿಸಿತಂತೆ. ದಂಡು ಬರುವದನ್ನು ಕೇಳಿದ ಕೂಡಲೆ ಆ ಮನೆಯವರೂ ಊರವರೂ ಓಡಿಹೋದರು. ಬರಿಗೈಯಾದ ದಂಡು ಸುತ್ತಣ ಹಳ್ಳಿಗಳನ್ನು ಸುಲಿಯಿತು. ಕಥೆಯಲ್ಲಿ ಬಣ್ಣವು ಎಷ್ಟು, ನಿಜವು ಎಷ್ಟು ಎಂಬುದು ಇತಿಹಾಸಜ್ಞರ ಚರ್ಚೆ. ಆದರೆ ದಂಡಿನ ಸದ್ದಿಗೆ ಮನೆ ಬಿಟ್ಟು ಓಡುವ ಕುಟುಂಬವು ಯಾವ ಕಾಲಕ್ಕೂ ನಿಜವಾದದ್ದು. ಅಂಥ ಕುಟುಂಬವು ಮರಳಿ ಬಂದಿದೆಯೆ? ರಾತ್ರಿ ಬಾಗಿಲಿಗೆ ಅಗಳಿ ಹಾಕದೆ ಮಲಗುವದೆ? ಮುಂಗಾರಿಗೆ ಬೀಜ ಬಿತ್ತುವ ಧೈರ್ಯ ಮಾಡುವದೆ? ಈ ಮೂರಕ್ಕೂ ಹೌದೆಂಬ ಉತ್ತರವು ಬಾರದಿದ್ದರೆ, ಇಟ್ಟಿಗೆ ಸುಣ್ಣಗಳಿಗೆ ಹಣ ಹಾಕುವದು ಅಕಾಲದ ಬಿತ್ತನೆಯೇ ಸರಿ.

ಎರಡನೆಯ ತೂಕವು ಸತ್ಯವಾದ ಲೆಕ್ಕ. ಯಾರು ಏನನ್ನು ಕಳೆದುಕೊಂಡರೆಂಬುದನ್ನು ಪಕ್ಷಪಾತವಿಲ್ಲದೆ ಬರೆಯದಿದ್ದರೆ ಯಾರಿಗೆ ಏನನ್ನು ಕೊಡಬೇಕೆಂಬುದು ತಿಳಿಯುವದಿಲ್ಲ. ಇಲ್ಲಿ ಕಹಿಯಾದ ನಿಜವೊಂದನ್ನು ನುಡಿಯಬೇಕಾಗುವದು. 1947–48ರಲ್ಲಿ ನಿಜಾಮ ಪ್ರಾಂತವು ರಜಾಕಾರರ ಹಾವಳಿಗೆ ತುತ್ತಾಯಿತು. ಕಾಸಿಂ ರಜ್ವಿಯ ಮುಂದಾಳುತನದ ಆ ದಂಡು ಊರುಗಳನ್ನು ಸುಟ್ಟಿತು, ಸುಲಿಯಿತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಯನ್ನು ಆ ಸೀಮೆಯು ಮರೆತಿಲ್ಲ. ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಹೋರಾಟಕ್ಕೆ ಆಸರೆಯಾಗಿ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡ ಮುಂತಾದ ಕಡೆಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಯಿಸಿದರು. 1948ರ ಸೆಪ್ಟೆಂಬರ 13ರಂದು ಪೋಲೀಸ ಕಾರ್ಯಾಚರಣೆಯು ಆರಂಭವಾಗಿ 17ರಂದು ನಿಜಾಮನು ಶರಣಾದನು. ಪ್ರಾಂತವು ವಿಮೋಚನೆಯನ್ನು ಪಡೆಯಿತು.

ಆದರೆ ಲೆಕ್ಕವು ಅಲ್ಲಿಗೆ ಮುಗಿಯಲಿಲ್ಲ. ಆ ದಿನಗಳಲ್ಲಿಯೂ ತರುವಾಯವೂ ಅನೇಕ ಕಡೆಗಳಲ್ಲಿ ಮುಸಲ್ಮಾನ ಪ್ರಜೆಗಳ ಮೇಲೆ ಸೇಡಿನ ಕೈ ಬಿದ್ದಿತು. ಭಾರತ ಸರಕಾರವು ಕಳುಹಿದ ಪಂಡಿತ ಸುಂದರಲಾಲ ಮತ್ತು ಕಾಜಿ ಅಬ್ದುಲ್ ಗಫಾರರ ಮಂಡಳಿಯು ಅದೇ ವರ್ಷದ ಕೊನೆಯಲ್ಲಿ ಪ್ರಾಂತವನ್ನು ಸುತ್ತಿ, ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿಯು ಅತಿಶಯವಾಗಿತ್ತು. ಆ ವರದಿಯು ಬಹುಕಾಲ ಬೆಳಕಿಗೆ ಬಾರದೆ ಉಳಿಯಿತು. ಒಂದು ಮನೆಯ ವಿಧವೆಯನ್ನು ಎಣಿಸಿ ಪಕ್ಕದ ಮನೆಯ ವಿಧವೆಯನ್ನು ಬಿಟ್ಟರೆ ಆ ಲೆಕ್ಕವು ಅರ್ಧ ಲೆಕ್ಕ. ಅರ್ಧ ಲೆಕ್ಕದ ಮೇಲೆ ಕಟ್ಟಿದ ಮನೆಯು ಒಂದೇ ಗೋಡೆಯ ಮನೆ. ತನ್ನವರ ದುಃಖವನ್ನು ಹೇಳುವವನು ಎದುರಿನವರ ದುಃಖವನ್ನೂ ಅದೇ ಬಾಯಿಂದ ಹೇಳಬಲ್ಲನಾದರೆ, ಆ ಊರು ಏಳುವದೆಂದು ಧೈರ್ಯದಿಂದ ಹೇಳಬಹುದು.

ಮೂರನೆಯ ತೂಕವು ಜೀವನೋಪಾಯ. ನೆಲ, ನೀರು, ಕಾಗದ ಎಂಬ ಮೂರೂ ಇದರಲ್ಲಿ ಅಡಗಿವೆ. ಇದಕ್ಕೆ ಉದಾಹರಣೆಯು ಹತ್ತಿರದ ಸಿಂಧನೂರಿನಲ್ಲಿಯೇ ಉಂಟು. ಪೂರ್ವ ಪಾಕಿಸ್ತಾನದಲ್ಲಿ ಮನೆಮಾರುಗಳನ್ನು ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವು 1970ರ ಆಸುಪಾಸಿನಲ್ಲಿ ಆ ತಾಲೂಕಿಗೆ ಕರೆತಂದು ನೆಲೆಗೊಳಿಸಿತು. ಆ ನೆಲೆಗಳನ್ನು ಜನರು ಇಂದಿಗೂ ಆರ್.ಎಚ್. ಕ್ಯಾಂಪುಗಳೆಂದು ಕರೆಯುವರು. ಗುಡಿಸಲನ್ನಷ್ಟೇ ಕೊಟ್ಟಿದ್ದರೆ ಅವರು ಚದರಿಹೋಗುತ್ತಿದ್ದರು. ಉಳುವದಕ್ಕೆ ನೆಲವು ದೊರೆಯಿತು. 1945ರಲ್ಲಿ ಅಡಿಗಲ್ಲಿಟ್ಟು 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯು 227 ಕಿಲೋಮೀಟರ ಹರಿದು ಆ ಸೀಮೆಯನ್ನು ಭತ್ತದ ಸೀಮೆಯನ್ನಾಗಿ ಮಾಡಿತ್ತು. ಭಾಷೆ ಬೇರೆ, ಊಟ ಬೇರೆ, ಹಬ್ಬ ಬೇರೆ. ಆದರೂ ಅವರು ನೆಲೆ ನಿಂತರು.

ಆದರೆ ಮೂರನೆಯ ಅಂಶವಾದ ಕಾಗದದಲ್ಲಿ ಕೊರತೆಯು ಉಳಿಯಿತು. ಅನೇಕರ ಪೌರತ್ವದ ಪ್ರಶ್ನೆಯು ದಶಕಗಳ ಕಾಲ ಬಗೆಹರಿಯದೆ, 2024ರಲ್ಲಿ ಕೆಲವರ ಕೈಗೆ ಮಾತ್ರ ಪ್ರಮಾಣಪತ್ರವು ಬಂದಿತು. ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ನಾಮಶೂದ್ರರು ಇಲ್ಲಿಯೂ ಆ ಮಾನ್ಯತೆಯನ್ನು ಬೇಡುತ್ತ ಬಂದಿರುವರು. ನೆಲ ನೀರುಗಳಿಂದ ಹೊಟ್ಟೆ ತುಂಬಿತು. ಕಾಗದವಿಲ್ಲದ್ದರಿಂದ ಮಕ್ಕಳ ಮುಂದಿನ ದಾರಿಯು ಕಿರಿದಾಯಿತು. ಆದುದರಿಂದ ಪುನರ್ವಸತಿಯ ಯೋಜನೆಯನ್ನು ನೋಡುವಾಗ, ಮನೆಯ ನಕ್ಷೆಗಿಂತ ಮೊದಲು ಜಮೀನಿನ ಪಹಣಿಯನ್ನು ಕೇಳತಕ್ಕದ್ದು. ಪಹಣಿಯಲ್ಲಿ ಯಾರ ಹೆಸರಿದೆ? ಗಂಡ ಸತ್ತ ಹೆಂಗಸಿನ ಹೆಸರು ಅದರಲ್ಲಿ ಏರುವದೆ? ಓಡಿಹೋದವನು ಮರಳಿ ಬಂದರೆ ಅವನ ಹಕ್ಕು ಏನಾಗುವದು?

ನಾಲ್ಕನೆಯ ತೂಕವು ಊರವರ ಒಡೆತನ. ಯೂರೋಪ ಖಂಡದ ಬೋಸ್ನಿಯಾ ದೇಶದಲ್ಲಿ ಮೋಸ್ತಾರವೆಂಬ ಊರುಂಟು. ರಕ್ಕಸಗಿ ತಂಗಡಗಿಯ ಯುದ್ಧವಾದ ಮರುವರ್ಷವೇ, 1566ರಲ್ಲಿ, ಅಲ್ಲಿಯ ಹೊಳೆಯ ಮೇಲೆ ತುರ್ಕರು ಕಲ್ಲಿನ ಕಮಾನಿನ ಸೇತುವೆಯೊಂದನ್ನು ಕಟ್ಟಿ ಮುಗಿಸಿದರು. 1993ರ ಅಂತಃಕಲಹದಲ್ಲಿ ತೋಪಿನ ಹೊಡೆತಕ್ಕೆ ಅದು ಬಿದ್ದಿತು. ಅನೇಕ ದೇಶಗಳ ಹಣದಿಂದ 2004ರಲ್ಲಿ ಅದನ್ನು ಮೊದಲಿನಂತೆಯೇ ಕಟ್ಟಿದರು. ಸೇತುವೆಯು ಅಂದವಾಗಿ ನಿಂತಿತು. ಆದರೆ ಊರಿನ ಎರಡು ಪಂಗಡಗಳ ಮಕ್ಕಳು ಒಂದೇ ಶಾಲೆಯ ಕಟ್ಟಡದಲ್ಲಿ ಬೇರೆ ಬೇರೆ ಪಾಠಕ್ರಮಗಳನ್ನು ಕಲಿಯುವ ಏರ್ಪಾಡು ಆಮೇಲೆಯೂ ಮುಂದುವರಿಯಿತು. ಕಲ್ಲು ಕೂಡಿತು, ಮನಸ್ಸು ಕೂಡುವದಕ್ಕೆ ತಡವಾಯಿತು.

ಮುದಗಲ್ಲಿನಲ್ಲಿ ಇದಕ್ಕೆ ಪ್ರತಿಯಾದ ದೃಷ್ಟಾಂತವು ಸಿಗುವದು. ಇಲ್ಲಿಯ ಮೊಹರಮ್ಮು ಕನ್ನಡ ನಾಡಿನಲ್ಲೆಲ್ಲ ಹೆಸರಾದದ್ದು. ಅಲಾವಿಯ ಸುತ್ತ ಹಿಂದೂ ಮುಸಲ್ಮಾನರಿಬ್ಬರೂ ನೆರೆಯುವರು. ಪ್ರಾಚೀನವಾದ ರೋಮನ್ ಕ್ಯಾಥೊಲಿಕ ಸಮುದಾಯವೂ ಇದೇ ಊರಿನಲ್ಲಿ ಬಾಳಿಬಂದಿದೆ. ಇನ್ನೂರು ವರ್ಷ ಕತ್ತಿಯ ಬಾಯಿಯಲ್ಲಿ ನಿಂತ ಊರು ಇಂಥ ಕೂಡುಬಾಳನ್ನು ಯಾವ ಅರಸನ ಅಪ್ಪಣೆಯಿಂದಲೂ ಪಡೆಯಲಿಲ್ಲ. ವರುಷ ವರುಷವೂ ಊರವರೇ ಕೂಡಿ, ತಮ್ಮ ಕೈಯಿಂದ ಖರ್ಚು ಮಾಡಿ, ತಮ್ಮ ಭುಜದ ಮೇಲೆ ಹೊತ್ತು ಅದನ್ನು ಉಳಿಸಿಕೊಂಡರು. ಹೊರಗಿನಿಂದ ಬಂದ ಯೋಜನೆಯು ಇಂಥ ಕೂಡುವಿಕೆಗೆ ನೀರೆರೆದರೆ ಫಲಿಸುವದು. ಅದನ್ನು ಪಕ್ಕಕ್ಕೆ ಸರಿಸಿ ತಾನೇ ಮುಂದೆ ನಿಂತರೆ, ಹಣ ತೀರಿದ ದಿನ ತೀರಿಹೋಗುವದು.

ಐದನೆಯ ತೂಕವು ನಿರಂತರತೆ. ಕಟ್ಟುವವರು ಹಲವರು, ಕಾಯುವವರು ಕೆಲವರು. ತುಂಗಭದ್ರೆಯ ಜಲಾಶಯವು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಅಗಸ್ಟಿನಲ್ಲಿ ಅದರ 19ನೆಯ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋದಾಗ, ಸಿಂಧನೂರಿನ ರೈತನಿಂದ ಕಾಲುವೆಯ ತುದಿಯ ರೈತನವರೆಗೆ ಎಲ್ಲರ ಎದೆಯೂ ನಡುಗಿತು. ಅಷ್ಟು ದೊಡ್ಡ ಕಾರ್ಯವೂ ಒಂದು ಸರಪಳಿಯ ಮೇಲೆ ನಿಂತಿರುವದು. ಯೋಜನೆಯನ್ನು ತರುವವನನ್ನು, “ಇದನ್ನು ಕಟ್ಟುವದಕ್ಕೆ ಎಷ್ಟು ಬೇಕು?” ಎಂದು ಎಲ್ಲರೂ ಕೇಳುವರು. “ಇಪ್ಪತ್ತನೆಯ ವರ್ಷ ಇದರ ಸರಪಳಿಯನ್ನು ಯಾರು ನೋಡುವರು, ಅವರ ಕೂಲಿಯನ್ನು ಯಾರು ಕೊಡುವರು?” ಎಂದು ಕೇಳುವವನೇ ವಿವೇಕಿಯು.

ಮಠದ ಭಕ್ತರಿಗೆ ಈ ಮಾತು ಹೊಸದಲ್ಲ. ದಾಸೋಹದ ಒಲೆಯು ಒಬ್ಬ ಶ್ರೀಮಂತನ ಒಂದು ದಿನದ ದಾನದಿಂದ ಉರಿಯುವದಿಲ್ಲ. ನೂರು ಮನೆಗಳ ಹಿಡಿ ಹಿಡಿ ಜೋಳದಿಂದ ದಿನವೂ ಉರಿಯುವದು. ಕಾಯಕವಿಲ್ಲದ ದಾಸೋಹವು ಸಾಲದ ಮೇಲಣ ಊಟವಾಗುವದೆಂಬುದನ್ನೂ ಅವರು ಬಲ್ಲರು.

ಹಾಳಾದ ಎಲ್ಲ ಊರುಗಳೂ ಏಳುವವೆಂದು ಹೇಳಲಾಗದು. 12ನೆಯ ಶತಮಾನದಲ್ಲಿ ಕಲ್ಯಾಣವು ಕದಡಿತು, ಶರಣರು ಚದರಿದರು. ಆ ರಾಜಧಾನಿಯು ಮತ್ತೆ ಹಿಂದಿನ ಸ್ಥಿತಿಗೆ ಬರಲಿಲ್ಲ. ಆದರೆ ಹೊರಟವರು ವಚನಗಳ ಕಟ್ಟುಗಳನ್ನು ಹೊತ್ತೊಯ್ದರೆಂದು ಪರಂಪರೆಯು ಹೇಳುವದು. ಸುಮಾರು ಇನ್ನೂರೈವತ್ತು ವರ್ಷಗಳಾದ ಮೇಲೆ, ಮುದಗಲ್ಲನ್ನು ಹಿಡಿದ ಅದೇ ಪ್ರೌಢದೇವರಾಯನ ಕಾಲದಲ್ಲಿ, ವಿಜಯನಗರದಲ್ಲಿ ಆ ವಚನಗಳ ಸಂಕಲನವೂ ಪ್ರಚಾರವೂ ನಡೆದವು. ಊರು ಉಳಿಯದಾಗ ಯಾವದನ್ನು ಹೊತ್ತೊಯ್ಯಬೇಕೆಂಬ ಅರಿವು ಶರಣರಿಗಿತ್ತು. ಕೆಲವು ವೇಳೆ ಸಾಧ್ಯವಾದ ಪುನರುತ್ಥಾನವು ಅಷ್ಟೇ ಆಗಿರುವದು. ಅದನ್ನು ಒಪ್ಪಿಕೊಳ್ಳುವದೂ ವಿವೇಕವೇ.

ಆದುದರಿಂದ ಸದ್ಭಕ್ತರು, ನೊಂದ ಊರೊಂದರ ಹೆಸರಿನಲ್ಲಿ ಯಾರಾದರೂ ಜೋಳಿಗೆ ಹಿಡಿದು ಬಂದಾಗ, ಬರಿಗೈಯಿಂದ ಕಳುಹದೆ ಐದು ಮಾತುಗಳನ್ನು ಕೇಳಲಿ: ಅಲ್ಲಿ ಅಭಯವುಂಟೆ? ಎರಡೂ ಕಡೆಯ ಲೆಕ್ಕವು ಸತ್ಯವೆ? ನೆಲ, ನೀರು, ಕಾಗದಗಳು ಯಾರ ಕೈಯಲ್ಲಿವೆ? ಊರವರು ಕೂಡಿರುವರೆ? ನಾಳೆ ಕಾಯುವವರು ಯಾರು? ಐದಕ್ಕೂ ಉತ್ತರವು ಪೂರ್ಣವಾಗಿ ದೊರೆಯುವದು ವಿರಳ. ಯಾವದಕ್ಕೆ ಉತ್ತರವಿಲ್ಲವೋ ಮೊದಲ ರೂಪಾಯಿಯು ಅದಕ್ಕೇ ಸಲ್ಲಲಿ. ಭಯವಿದ್ದಲ್ಲಿ ಮೊದಲು ಎರಡೂ ಕೇರಿಯ ಹಿರಿಯರನ್ನು ಒಂದೇ ಕಂಬಳಿಯ ಮೇಲೆ ಕೂಡಿಸುವ ಕೆಲಸವಾಗಲಿ; ಕಾಗದವಿಲ್ಲದಲ್ಲಿ ಮೊದಲು ಕಾಗದವಾಗಲಿ; ಗೋಡೆಯು ಆಮೇಲೆ ಏಳಲಿ.

ಮುದಗಲ್ಲಿನ ಕೋಟೆಯನ್ನು ಕಟ್ಟಿಸಿದ ಅರಸರು ಹೋದರು. ಕಂದಕದ ಈಚೆಯ ಸಂತೆಯು ಇನ್ನೂ ನೆರೆಯುವದು. ಮಾರುವವರೂ ಕೊಳ್ಳುವವರೂ ಒಬ್ಬರ ತಕ್ಕಡಿಯನ್ನು ಒಬ್ಬರು ನಂಬುವ ತನಕ ಈ ಊರಿಗೆ ಹಾಳಿಲ್ಲ.

ಸರ್ವರಿಗೂ ಮಂಗಲವಾಗಲಿ.